ಕರಿ ಹರಿಯುವ ಮುನ್ನ

ಸಿಂಧನೂರಿನಿಂದ ಮಸ್ಕಿಯನ್ನು ಹಾದು ಲಿಂಗಸುಗೂರನ್ನು ಸೇರುವ ರಸ್ತೆ ಸುಮಾರು ಐವತ್ತು ಕಿಲೋಮೀಟರುಗಳದು. ವರ್ಷದ ಹೆಚ್ಚಿನ ದಿನಗಳಲ್ಲಿ ಈ ದಾರಿಯ ಪಯಣಿಗನು ಬಸ್ಸಿನ ಕಿಟಕಿಗೆ ತಲೆಯಾನಿಸಿ ಒಂದಿಷ್ಟು ತೂಕಡಿಸಿದರೆ ಕಳೆದುಕೊಳ್ಳುವುದು ಬಹಳವೇನೂ ಇಲ್ಲ. ಜ್ಯೇಷ್ಠ ಮಾಸದ ಶುಕ್ಲಪಕ್ಷದಲ್ಲಿ ಮಾತ್ರ ಹಾಗೆ ಮಾಡಬಾರದು. ಕಾರ ಹುಣ್ಣಿಮೆಗೆ ಇನ್ನು ಎಂಟು ಹತ್ತು ದಿನಗಳಿರುವಾಗ ಈ ಮೂರು ಊರುಗಳಲ್ಲಿಯೂ ಇಳಿದು, ಬಸ್‌ ನಿಲ್ದಾಣದ ಪಕ್ಕದ ಯಾವುದಾದರೊಂದು ಹೋಟೆಲಿನಲ್ಲಿ ಒಗ್ಗರಣೆ ಮಂಡಾಳು, ಮಿರ್ಚಿ ಭಜಿ ಹಾಗೂ ಅರ್ಧ ಕಪ್ಪು ಚಹಾ ತರಿಸಿಕೊಂಡು, ಪಕ್ಕದ ಬೆಂಚಿನ ಮಾತಿಗೆ ಕಿವಿಗೊಡಬೇಕು. ಅಲ್ಲಿ ನಡೆಯುವ ವಾದವನ್ನು ಕೇಳಿದ ಪರಸ್ಥಳದವನು ಇದು ಯಾವುದೋ ಪಂದ್ಯಕ್ಕೆ ಆಟಗಾರರನ್ನು ಆರಿಸುವ ಸಮಿತಿಯ ಸಭೆಯೆಂದೇ ತಿಳಿಯುವನು. ಯಾರ ಕಾಲು ಚುರುಕು, ಯಾರ ಎದೆ ಅಗಲ, ಕಳೆದ ವರ್ಷ ಮುಗ್ಗರಿಸಿದವನ ಗೊರಸು ಈಗ ಹೇಗಿದೆ, ಹೊಸದಾಗಿ ಬಂದವನಿಗೆ ಜನಜಂಗುಳಿಯ ಅಂಜಿಕೆ ಬಿಟ್ಟಿದೆಯೇ ಇಲ್ಲವೇ, ಎಡಕ್ಕೆ ಯಾರು, ಬಲಕ್ಕೆ ಯಾರು! ಗೊರಸು ಎಂಬ ಮಾತು ಕಿವಿಗೆ ಬಿದ್ದಾಗಲಷ್ಟೇ, ಚರ್ಚೆಯಲ್ಲಿರುವ ಆಟಗಾರರಿಗೆ ನಾಲ್ಕು ಕಾಲುಗಳಿವೆಯೆಂಬುದು ಅವನಿಗೆ ಅರಿವಾಗುವುದು.

ಕರ್ನಾಟಕದ ಇನ್ನೊಂದು ತುದಿಯಲ್ಲಿ, ಕೊಡಗಿನ ಮನೆಗಳಲ್ಲಿ, ಬೇಸಗೆ ಸಮೀಪಿಸಿದಂತೆ ಇಂತಹುದೇ ಚರ್ಚೆ ಹಾಕಿಯ ವಿಷಯವಾಗಿ ನಡೆಯುತ್ತದೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಮೊದಲ ವರ್ಷ ಅರವತ್ತು ಮನೆತನಗಳು ಆಡಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ಸೇರಿದ ತಂಡಗಳು 360. ಅಲ್ಲಿನ ಅಜ್ಜಂದಿರು ತಮ್ಮ ಮನೆತನದ ಫಾರ್ವರ್ಡುಗಳನ್ನು ಅಳೆಯುವಾಗ ಎದುರಿಗಿಟ್ಟುಕೊಳ್ಳುವ ಮಾದರಿಗಳಿಗೆ ಕೊರತೆಯಿಲ್ಲ. 1973ರ ವಿಶ್ವಕಪ್ಪಿನಲ್ಲಿ ಭಾರತ ತಂಡದ ನಾಯಕರಾಗಿದ್ದ ಎಂ. ಪಿ. ಗಣೇಶ್, 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ತಂಡದ ಬಿ. ಪಿ. ಗೋವಿಂದ, ಎರಡು ಒಲಿಂಪಿಕ್ಸ್‌ಗಳಲ್ಲಿ ಆಡಿದ ಸೋಮವಾರಪೇಟೆಯ ಎಸ್. ವಿ. ಸುನಿಲ್, ಎಲ್ಲರೂ ಮುಂಪಡೆಯವರೇ. ರಾಯಚೂರು ಜಿಲ್ಲೆಯ ಕರಿನೆಲಕ್ಕೆ ಹಾಕಿಯ ಭಾಗ್ಯವಿಲ್ಲ. ಮಳೆ ಬಿದ್ದರೆ ಮೊಣಕಾಲಿನವರೆಗೆ ಹೂಳುವ, ಬಿಸಿಲು ಬಿದ್ದರೆ ಅಂಗೈ ಹೋಗುವಷ್ಟು ಬಾಯಿ ಬಿಡುವ ಈ ಎರೆಮಣ್ಣಿನ ಮೇಲೆ ಚೆಂಡು ನೇರವಾಗಿ ಉರುಳುವ ಬಯಲನ್ನು ಮಾಡುವುದು ಸುಲಭವಲ್ಲ. ಆದರೆ ಮುಂಪಡೆಯ ಬಗೆಗೆ ವಾದಿಸುವ ಹುಮ್ಮಸ್ಸಿನಲ್ಲಿ ಈ ಸೀಮೆಯವರು ಕೊಡಗಿನವರಿಗೆ ಸೋಲುವವರಲ್ಲ. ಹಾಕಿಯಲ್ಲಿ ಹಿಂದೆ ಐವರು ಫಾರ್ವರ್ಡುಗಳು ಸಾಲಾಗಿ ನಿಲ್ಲುತ್ತಿದ್ದರು. ಇಲ್ಲಿ ಎಷ್ಟೇ ಎತ್ತುಗಳು ನಿಲ್ಲಲಿ, ಲೆಕ್ಕಕ್ಕೆ ಬರುವುದು ಒಂದೇ, ಕರಿ ಹರಿಯುವ ಎತ್ತು.

ಕರಿ ಹರಿಯುವುದೆಂದರೆ ಏನೆಂಬುದನ್ನು ಬೆಂಗಳೂರು ಮೈಸೂರುಗಳ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕಾದೀತು. ಕಾರ ಹುಣ್ಣಿಮೆಯ ದಿನ ಎತ್ತುಗಳಿಗೆ ನೊಗವಿಲ್ಲ. ಹಿಂದಿನ ದಿನವೇ ಅವುಗಳ ಮೈ ತೊಳೆದು, ರಾತ್ರಿ ಹೊನ್ನುಗ್ಗಿಯನ್ನು ತಿನ್ನಿಸುತ್ತಾರೆ. ಹಬ್ಬದ ಬೆಳಿಗ್ಗೆ ಕೊಂಬುಗಳನ್ನು ಹೆರೆದು ಬಣ್ಣ ಹಚ್ಚಿ, ಹಿತ್ತಾಳೆಯ ಕೋಡಣಸು ತೊಡಿಸಿ, ಕೊರಳಿಗೆ ಗೆಜ್ಜೆಯ ಸರ, ಹಣೆಗೆ ಗೊಂಡೆ, ಬೆನ್ನಿಗೆ ಜೂಲ ಹೊದಿಸುವರು. ಮನೆಯ ಹೆಣ್ಣುಮಕ್ಕಳು ಕರಿದ ಕೊಡಬಳೆಗಳನ್ನು ಕೊಂಬಿಗೆ ಏರಿಸುತ್ತಾರೆ; ಅವು ಸಂಜೆಯವರೆಗೆ ಅಲ್ಲಿ ಉಳಿಯುವುದು ಓಣಿಯ ಹುಡುಗರ ಒಳ್ಳೆಯತನವನ್ನು ಅವಲಂಬಿಸಿದ ಸಂಗತಿ. ಇಳಿಹೊತ್ತಿನಲ್ಲಿ ಊರ ಅಗಸಿಗೆ ಅಡ್ಡಲಾಗಿ ಬೇವಿನ ಸೊಪ್ಪಿನ ತೋರಣವನ್ನು ಕಟ್ಟುತ್ತಾರೆ. ಅದೇ ಕರಿ. ಹೊರಗಿನ ಬಯಲಿನಿಂದ ಎತ್ತುಗಳನ್ನು ಓಡಿಸಿಕೊಂಡು ಬಂದಾಗ ಯಾವ ಎತ್ತು ಮೊದಲು ಅಗಸಿಯನ್ನು ದಾಟಿ ತೋರಣವನ್ನು ಹರಿಯುವುದೋ ಆ ಎತ್ತು ಗೆದ್ದಂತೆ.

ಇಷ್ಟೇ ಆಗಿದ್ದರೆ ಇದು ಒಂದು ಓಟದ ಪಂದ್ಯ ಮಾತ್ರವಾಗುತ್ತಿತ್ತು. ಗೆದ್ದ ಎತ್ತಿನ ಬಣ್ಣಕ್ಕೆ ಒಂದು ಅರ್ಥವಿರುವುದರಿಂದಲೇ ವಾದಕ್ಕೆ ಇಷ್ಟು ಬಿಸಿ. ಕೆಂದೆತ್ತು ಮುಂದಾದರೆ ಮುಂಗಾರಿ ಚೆನ್ನು: ಸಜ್ಜೆ, ತೊಗರಿ, ಹೆಸರು ಕೈ ಹಿಡಿಯುವುವು. ಬಿಳಿ ಎತ್ತು ಮುಂದಾದರೆ ಹಿಂಗಾರಿ: ಬಿಳಿಜೋಳ, ಕಡಲೆ. ಹತ್ತಿಯನ್ನು ಬಣ್ಣ ನೋಡಿ ಬಿಳಿಯ ಪಕ್ಷಕ್ಕೆ ಸೇರಿಸುವವರುಂಟು. ಊರಿಂದೂರಿಗೆ ಈ ಅರ್ಥ ಅಷ್ಟಿಷ್ಟು ಬದಲಾಗುವುದೂ ಉಂಟು. ಮೈಯೆಲ್ಲ ಬಿಳಿದಾಗಿ ಕೊರಳು ಮಾತ್ರ ಮಾಸಲಾದ ಎತ್ತು ಗೆದ್ದಾಗ ಏನು ಹೇಳಬೇಕೆಂಬುದು ಕಟ್ಟೆಯ ಹಿರಿಯರ ವಿವೇಕಕ್ಕೆ ಬಿಟ್ಟದ್ದು. ಕಾರ ಹುಣ್ಣಿಮೆ ಬರುವುದು ರೋಹಿಣಿ ಮಳೆ ಮುಗಿದು ಮೃಗಶಿರ ಕಾಲಿಡುವ ಆಸುಪಾಸಿನಲ್ಲಿ. ಅಧಿಕ ಮಾಸದ ವರ್ಷವಾದರೆ ಇನ್ನೂ ತಡ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಗಾದೆಯುಂಟು. ಬಾರದಿದ್ದರೆ ಏನೆಂಬುದಕ್ಕೆ ಗಾದೆ ಬೇಕಿಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆಯ ನಾಡಿದು, ಅದರಲ್ಲಿಯೂ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರಿನ ಸುತ್ತ. ಹೊಲವನ್ನು ಈಗಲೇ ಬಿತ್ತುವುದೋ, ಮುಂಗಾರನ್ನು ಬಿಟ್ಟುಕೊಟ್ಟು ಹಿಂಗಾರಿಗೆ ಕಾಯುವುದೋ ಎಂಬ ಪ್ರಶ್ನೆ ಮನೆಯ ಯಜಮಾನನ ನಿದ್ದೆ ಕೆಡಿಸುವುದು ಈ ವಾರಗಳಲ್ಲಿಯೇ. ತಪ್ಪಿದರೆ ಬೀಜ, ಗೊಬ್ಬರ, ಸಾಲ ಮೂರೂ ಮಣ್ಣುಪಾಲು. ಹೀಗಿರುವಾಗ ಎತ್ತಿನ ಕಾಲನ್ನು ಕುರಿತು ನಡೆಯುವ ವಾದ ಬರಿಯ ಎತ್ತಿನ ಕಾಲನ್ನು ಕುರಿತದ್ದಲ್ಲ.

"ಈ ಸಲ ಬಿಳಿದೇ ಹರೀತೈತಿ ನೋಡ್ರಿ ಕಾಕಾ."

"ಅದು ಹರಿಯೂದು ನಿಮ್ಮನಿ ಕಣಿಕಿ ಬಣಿವಿ ಅಷ್ಟ, ತಮ್ಮಾ."

ಮಾತು ಹೀಗೆ ಶುರುವಾಗುತ್ತದೆ. ಆ ಮೇಲೆ ಶಾಸ್ತ್ರಕ್ಕೆ ಇಳಿಯುತ್ತದೆ. ಮೊದಲನೆಯದು ಹಲ್ಲು. ಎರಡು ಹಲ್ಲಿನ ಹೋರಿಗೆ ವೇಗವುಂಟು, ಬುದ್ಧಿಯಿಲ್ಲ. ಬಾಯಿಗೂಡಿದ ಎತ್ತಿಗೆ ಬುದ್ಧಿಯುಂಟು, ಆದರೆ ಅಗಸಿ ಕಂಡೊಡನೆ ಅಲ್ಲಿನ ಗದ್ದಲದ ನೆನಪಾಗಿ ಹೆಜ್ಜೆ ಹಿಂದೆಗೆಯುತ್ತದೆ. ನಾಲ್ಕು ಹಲ್ಲಿನದೇ ಸರಿಯೆಂಬುದು ಬಹುಮತ. ಎರಡನೆಯದು ಸುಳಿ. ಹಣೆಯ ಮೇಲಿನ, ಬೆನ್ನಿನ ಮೇಲಿನ ಸುಳಿಗಳ ಶುಭಾಶುಭಗಳನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ, ಮತ್ತು ಅವರಲ್ಲಿ ಇಬ್ಬರ ಅಭಿಪ್ರಾಯ ಒಂದೇ ಆದದ್ದಿಲ್ಲ. ಮೂರನೆಯದು ತಳಿ. ಇಲ್ಲಿ ವಾದ ನಿಜವಾಗಿ ಕಾವೇರುತ್ತದೆ. ಬಿಲ್ಲಿನಂತೆ ಹಿಂದಕ್ಕೆ ಬಾಗಿದ ಉದ್ದನೆಯ ಕೊಂಬಿನ, ಸಪೂರ ಮೈಯ ಖಿಲಾರಿ ಓಟಕ್ಕೆ ಹೇಳಿ ಮಾಡಿಸಿದ್ದು. ಆಂಧ್ರದ ಕಡೆಯ ಓಂಗೋಲು ಎತ್ತರದ ಆಳು, ದೊಡ್ಡ ಹಿಣಿಲು, ಗಿಡ್ಡ ಕೊಂಬು. ಭಾರ ಎಳೆಯುವುದಕ್ಕೆ ಅದರ ಸಮನಿಲ್ಲ. ಇವೆರಡರ ನಡುವೆ ಹೆಸರು ಹೇಳುವಾಗಲೇ ಹಿರಿಯರ ದನಿ ತಗ್ಗುವ ತಳಿಯೊಂದಿದೆ, ಕೃಷ್ಣಾ ಕಣಿವೆಯ ಎತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾಂಗಲಿ ಮಿರಜ ಸಂಸ್ಥಾನಗಳವರು ಬೇರೆಬೇರೆ ತಳಿಗಳನ್ನು ಕೂಡಿಸಿ, ಕೃಷ್ಣೆ ಘಟಪ್ರಭೆ ಮಲಪ್ರಭೆಗಳ ಎರೆಭೂಮಿಗೆಂದೇ ಬೆಳೆಸಿದ ಈ ಭಾರಿ ಮೈಯ ಎತ್ತು ಓಡುವುದಕ್ಕಲ್ಲ, ಉಳುವುದಕ್ಕೆ ಹುಟ್ಟಿದ್ದು. ಎರೆಮಣ್ಣನ್ನು ಆಳವಾಗಿ ಉಳಬೇಕಾದರೆ ಹಿಂದೆ ಒಂದೇ ನೇಗಿಲಿಗೆ ಮೂರು ನಾಲ್ಕು ಜೋಡಿ ಎತ್ತುಗಳನ್ನು ಹೂಡುತ್ತಿದ್ದ ಕಾಲವಿತ್ತು. ಆ ಕೆಲಸವನ್ನು ಟ್ರಾಕ್ಟರು ತೆಗೆದುಕೊಂಡಿತು. ಎತ್ತು ಕೆಲಸ ಕಳೆದುಕೊಂಡಿತು, ತಳಿ ವಿರಳವಾಯಿತು. ಉಳುವ ಎತ್ತು ಓಡದು, ಓಡುವ ಎತ್ತು ಉಳದು. ಹಾಗಾದರೆ ಕರಿ ಹರಿದ ಖಿಲಾರಿ ಹೇಳಿದ ಬೆಳೆಯ ಮಾತನ್ನು ನಂಬುವುದು ಹೇಗೆ, ಅದಕ್ಕೆ ಹೊಲದ ಪರಿಚಯವೇ ಇಲ್ಲವಲ್ಲ, ಎಂದು ತಕರಾರು ತೆಗೆಯುವವರೂ ಬೆಂಚಿನ ತುದಿಯಲ್ಲಿ ಒಬ್ಬರಿರುತ್ತಾರೆ. ತಕರಾರು ನ್ಯಾಯವಾದದ್ದೇ.

ವಾದ ಮೂರು ಊರಿನಲ್ಲಿಯೂ ಒಂದೇ. ಆದರೆ ಅದರ ರುಚಿ ಬೇರೆ. ಆ ರುಚಿಯನ್ನು ನಿರ್ಣಯಿಸಿರುವುದು ನೀರು.

ಸಿಂಧನೂರು ತುಂಗಭದ್ರೆಯ ಎಡದಂಡೆ ಕಾಲುವೆಯ ಮಗು. 1953ರಲ್ಲಿ ಅಣೆಕಟ್ಟು ಪೂರ್ಣಗೊಂಡು, 227 ಕಿಲೋಮೀಟರು ಉದ್ದದ ಈ ಕಾಲುವೆಯಲ್ಲಿ ನೀರು ಬಂದ ಮೇಲೆ ಜೋಳದ ಊರು ಭತ್ತದ ಊರಾಯಿತು. ಸೋನಾ ಮಸೂರಿಯ ಚೀಲದ ಮೇಲೆ ಈ ಊರಿನ ಹೆಸರನ್ನು ಕಾಣದ ನಗರದ ಗೃಹಿಣಿ ಅಪರೂಪ. ಕಾಲುವೆಯ ಬೆನ್ನು ಹಿಡಿದು ಕರಾವಳಿ ಆಂಧ್ರದಿಂದ ಬಂದ ರೈತರು ಹೊಲಗಳ ನಡುವೆ ಕಟ್ಟಿಕೊಂಡ ವಸತಿಗಳಿಗೆ ಇಂದಿಗೂ ಕ್ಯಾಂಪು ಎಂದೇ ಹೆಸರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೂ ಸರಕಾರ ಈ ತಾಲ್ಲೂಕಿನಲ್ಲಿ ನೆಲೆ ಕೊಟ್ಟಿತು. ಒಂದೇ ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು, ಬಂಗಾಳಿ ನಾಲ್ಕೂ ಕಿವಿಗೆ ಬೀಳುವ ಪಟ್ಟಣ ಉತ್ತರ ಕರ್ನಾಟಕದಲ್ಲಿ ಎಷ್ಟಿವೆ?

ಇಲ್ಲಿನ ಬೆಂಚಿನ ಮೇಲೆ ಬಿಳಿ ಎತ್ತು ಕೆಂದೆತ್ತುಗಳ ಮಾತು ಬಹಳ ಹೊತ್ತು ನಿಲ್ಲದು. ಭತ್ತಕ್ಕೆ ಬೇಕಾದದ್ದು ರೋಹಿಣಿಯೂ ಅಲ್ಲ, ಮೃಗಶಿರವೂ ಅಲ್ಲ. ಮಲೆನಾಡಿನಲ್ಲಿ ಬಿದ್ದು ಜಲಾಶಯಕ್ಕೆ ಬರುವ ಮಳೆ. ಸಿಂಧನೂರಿನ ಆಕಾಶ ಇರುವುದು ಶೃಂಗೇರಿ ತೀರ್ಥಹಳ್ಳಿಗಳ ಮೇಲೆ. ಆದುದರಿಂದ ಎತ್ತಿನ ವಾದ ಎರಡನೆಯ ಕಪ್ಪಿನ ಹೊತ್ತಿಗೆ ಅಣೆಕಟ್ಟಿನ ವಾದವಾಗಿ ತಿರುಗುತ್ತದೆ: ಒಳಹರಿವು ಎಷ್ಟು, ಮುನಿರಾಬಾದಿನಿಂದ ನೀರು ಬಿಡುವುದು ಯಾವ ತಾರೀಖಿಗೆ, ಎರಡನೆಯ ಬೆಳೆಗೆ ನೀರುಂಟೋ ಇಲ್ಲವೋ. ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105ರ ಆಚೆಈಚೆಗೆ ಬಂದಿದೆ. ಅದರ ಮೇಲೆ 2024ರ ಆಗಸ್ಟ್ 10ರ ರಾತ್ರಿಯ ನೆನಪು ಬೇರೆ. ಮೂವತ್ತಮೂರು ಗೇಟುಗಳ ಪೈಕಿ ಹತ್ತೊಂಬತ್ತನೆಯದರ ಸರಪಳಿ ಕಡಿದು, ಗೇಟು ಕೊಚ್ಚಿಹೋಗಿ, ತುಂಬಿ ನಿಂತಿದ್ದ ನೀರು ನದಿಗೆ ಹರಿಯತೊಡಗಿದಾಗ, ನಾಟಿ ಮಾಡಿ ನಿಂತಿದ್ದ ರೈತರ ಮನೆಗಳಲ್ಲಿ ಅನ್ನ ಇಳಿದಿರಲಿಲ್ಲ. ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ತಡೆಯನ್ನು ಇಳಿಸಿ ನಿಲ್ಲಿಸಿದ ಕೆಲಸಗಾರರ ಸಾಹಸವನ್ನು ಊರು ಇನ್ನೂ ಹೊಗಳುತ್ತದೆ. ಅಂದಿನಿಂದ, ಕರಿ ಹರಿಯುವ ಎತ್ತಿಗಿಂತ ಹರಿಯದ ಸರಪಳಿ ಮುಖ್ಯ ಎಂಬ ಚಾಟೂಕ್ತಿಗೆ ಸಿಂಧನೂರಿನಲ್ಲಿ ಬೆಲೆ.

ಹಾಗೆಂದು ಇಲ್ಲಿ ಎತ್ತುಗಳಿಗೆ ಮರ್ಯಾದೆಯಿಲ್ಲವೆಂದಲ್ಲ. ಭತ್ತದ ಹಣ ಕೆಲವು ಮನೆಗಳ ಹಟ್ಟಿಯಲ್ಲಿ ಓಂಗೋಲಿನ ಜೋಡಿಯಾಗಿ ನಿಂತಿದೆ. ಇವು ಹೊಲಕ್ಕೆ ಇಳಿಯುವ ಎತ್ತುಗಳಲ್ಲ. ಜಾತ್ರೆಗಳಲ್ಲಿ ಟನ್ನುಗಟ್ಟಲೆ ತೂಕದ ಕಲ್ಲನ್ನು ಸರಪಳಿಯಿಂದ ಎಳೆಯುವ ಸ್ಪರ್ಧೆಗೆ ಮೀಸಲು. ಗೊತ್ತುಪಡಿಸಿದ ನಿಮಿಷಗಳಲ್ಲಿ ಹೆಚ್ಚು ಅಡಿ ಎಳೆದ ಜೋಡಿಗೆ ಬಹುಮಾನ. ಕಾರ ಹುಣ್ಣಿಮೆಯ ಸಮಯದಲ್ಲಿ ರಾಯಚೂರು ನಗರದಲ್ಲಿ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬಕ್ಕೆ ಆಂಧ್ರ ತೆಲಂಗಾಣಗಳಿಂದಲೂ ಜೋಡಿಗಳು ಬರುತ್ತವೆ. ಈ ಎಳೆತದಲ್ಲಿ ಎಡದ ಎತ್ತು, ಬಲದ ಎತ್ತು ಎಂಬ ಪ್ರಶ್ನೆ ಹಾಕಿಯ ಎಡಬಲದ ವಿಂಗಿನಷ್ಟೇ ಸೂಕ್ಷ್ಮವಾದದ್ದು. ಎರಡೂ ಬಲಿಷ್ಠವಾಗಿದ್ದು ಹೆಜ್ಜೆ ಕೂಡದಿದ್ದರೆ ಕಲ್ಲು ಓರೆಯಾಗಿ ಸರಿದು ನಿಲ್ಲುತ್ತದೆ. ಒಂದು ತುಸು ಮಂದವಾಗಿದ್ದರೂ ಜೊತೆಗಾರನ ಉಸಿರನ್ನು ಬಲ್ಲುದಾದರೆ ಜೋಡಿ ಗೆಲ್ಲುತ್ತದೆ. ಎತ್ತನ್ನು ಮಾರುವಾಗ ಒಂಟಿಯಾಗಿ ಮಾರಿದವನನ್ನು ಜನ ಮನಸ್ಸಿನಲ್ಲಿ ಶಪಿಸುವುದು ಈ ಕಾರಣಕ್ಕೆ.

ಸಿಂಧನೂರನ್ನು ಬಿಟ್ಟು ವಾಯವ್ಯಕ್ಕೆ ಹೊರಟ ಬಸ್ಸು ಮಸ್ಕಿಯನ್ನು ಸಮೀಪಿಸುವ ಹೊತ್ತಿಗೆ ಹಸಿರು ತೆಳುವಾಗಿ ಕಲ್ಲುಗುಡ್ಡಗಳು ಮೇಲೇಳುತ್ತವೆ. ಕಾಲುವೆಯ ನೀರು ಏರಿಗೆ ಹತ್ತದು. ಇಳಿಜಾರನ್ನು ಅನುಸರಿಸಿ ಹೋಗುವ ಅದರ ಕೆಳಮಗ್ಗುಲಿನ ಹೊಲಕ್ಕೆ ಭತ್ತ, ಮೇಲ್ಮಗ್ಗುಲಿನ ಹೊಲಕ್ಕೆ ಮುಗಿಲು. ಎರಡರ ನಡುವಿನ ಅಂತರ ಕೆಲವೆಡೆ ಒಂದು ಬದುವಿನಷ್ಟು ಮಾತ್ರ. ಮೇಲ್ಮಗ್ಗುಲಿನವರು ನಾರಾಯಣಪುರ ಬಲದಂಡೆಯ 5ಎ ಶಾಖಾ ಕಾಲುವೆಗಾಗಿ 2020ರ ಕೊನೆಯಲ್ಲಿ ಪಾಮನಕಲ್ಲೂರಿನಲ್ಲಿ ಧರಣಿ ಕುಳಿತರು. 2021ರ ಮಸ್ಕಿ ಉಪಚುನಾವಣೆಯಲ್ಲಿ ಈ ಕಾಲುವೆಯ ಹೆಸರೆತ್ತದ ಭಾಷಣವಿರಲಿಲ್ಲ. ಕೃಷ್ಣೆಗೂ ತುಂಗಭದ್ರೆಗೂ ನಡುವೆ ಇದ್ದು ಎರಡರ ನೀರಿಗೂ ಕೈ ಚಾಚಬೇಕಾದ ಹಳ್ಳಿಗಳ ಕಥೆ ಇದು. ರಾಯಚೂರು ದೋಆಬಿಗಾಗಿ ರಾಜರು ಶತಮಾನಗಳ ಕಾಲ ಕಾದಾಡಿದ್ದನ್ನು ಶಾಲೆಯಲ್ಲಿ ಓದಿದವರಿಗೆ, ಆ ದೋಆಬಿನ ನಟ್ಟನಡುವೆ ಕುಡಿಯುವ ಕೊಡಕ್ಕೂ ಸರತಿ ನಿಂತ ದಿನಗಳುಂಟೆಂಬುದು ತಿಳಿದಿರಲಾರದು.

ಆದುದರಿಂದ ಮಸ್ಕಿಯಲ್ಲಿ ಎತ್ತಿನ ಬಣ್ಣದ ಮಾತಿಗೆ ಸಿಂಧನೂರಿನ ನಗೆಯಿಲ್ಲ. ಇಲ್ಲಿ ಕೆಂದೆತ್ತಿನ ಪಕ್ಷದವರು ತಮ್ಮ ಹೊಲದ ಕೆಂಪು ಮಸಬು ಮಣ್ಣನ್ನು ನೆಚ್ಚಿದವರು. ಸಜ್ಜೆ ತೊಗರಿಗಳಿಗೆ ಎರಡು ಹದ ಮಳೆ ಸಾಕೆನ್ನುವವರು. ಬಿಳಿಯ ಪಕ್ಷದವರು ಎರೆಹೊಲದ ಒಡೆಯರು. ಹುಬ್ಬೆ ಉತ್ತರೆಗಳ ಮಳೆ ಕುಡಿದ ಎರೆ, ಮುಂದೆ ಮಂಜಿನಲ್ಲಿಯೇ ಜೋಳವನ್ನು ಸಾಕಬಲ್ಲುದೆಂದು ಬಲ್ಲವರು. ಕರಿ ಹರಿದದ್ದನ್ನು ಕಂಡು ತಮ್ಮ ನಿರ್ಧಾರವನ್ನು ಯಾರಾದರೂ ಬದಲಾಯಿಸಿದ್ದುಂಟೇ? ಕೇಳಿದರೆ ಹಿರಿಯರು ನಗುತ್ತಾರೆ. ಬಿತ್ತುವವನು ತನ್ನ ಮಣ್ಣನ್ನು ನೋಡಿ ಬಿತ್ತುತ್ತಾನೆ. ಎತ್ತು ಅವನಿಗೆ ಧೈರ್ಯ ಹೇಳುತ್ತದೆ, ಅಥವಾ ಬೆಳೆ ಕೆಟ್ಟರೆ ಬೈಸಿಕೊಳ್ಳಲು ಸಿದ್ಧವಾಗಿರುತ್ತದೆ. "ಸರಕಾರಕ್ಕ ಬೈದ್ರ ಕೇಳಂಗಿಲ್ಲ, ಮುಗಿಲಿಗಿ ಬೈದ್ರ ಪಾಪ ಬರ್ತೈತಿ, ಎತ್ತಿಗಿ ಬೈದ್ರ ಕಿವಿ ಅಲ್ಲಾಡಿಸ್ತೈತಿ" ಎಂಬುದು ಈ ಕಡೆಯ ಸಮಾಧಾನ.

ಮಸ್ಕಿಗೆ ಬಂದವರು ಊರ ಪಕ್ಕದ ಗುಡ್ಡದಲ್ಲಿನ ಬಂಡೆಯನ್ನು ನೋಡದೆ ಹೋಗುವಂತಿಲ್ಲ. ನಿಜಾಮನ ಸರಕಾರದ ಗಣಿ ಎಂಜಿನಿಯರ್ ಆಗಿದ್ದ ಬೀಡನ್ ಎಂಬವನು 1915ರ ಜನವರಿಯಲ್ಲಿ ಚಿನ್ನವನ್ನು ಅರಸಿ ಈ ಗುಡ್ಡಗಳಲ್ಲಿ ಅಲೆಯುತ್ತಿದ್ದಾಗ ಕಂಡದ್ದು ಬ್ರಾಹ್ಮೀ ಅಕ್ಷರಗಳು ಕೊರೆದ ಕಲ್ಲು. ಅದುವರೆಗೆ ಭಾರತದ ತುಂಬ ದೊರೆತಿದ್ದ ಧರ್ಮಶಾಸನಗಳಲ್ಲಿ ರಾಜನ ಹೆಸರು ದೇವಾನಾಂಪ್ರಿಯ ಎಂದು ಮಾತ್ರ ಇದ್ದಿತು. ಅವನು ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿ ಎಂಬತ್ತು ವರ್ಷಗಳ ಹತ್ತಿರ ಆಗಿದ್ದಿತು. ಮಸ್ಕಿಯ ಬಂಡೆಯಲ್ಲಿ ಆ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಇದ್ದಿತು. ಒಂದೇ ಶಬ್ದದಿಂದ ವಾದ ತೀರಿತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ಬಳ್ಳಾರಿ ಕಡೆಯ ನಿಟ್ಟೂರು ಉಡೇಗೊಳಗಳಲ್ಲಿ ಕೂಡ ಆ ಹೆಸರು ದೊರೆತರೂ, ಮೊದಲು ಹೇಳಿದ ಕೀರ್ತಿ ಮಸ್ಕಿಯದೇ. 1954ರಲ್ಲಿ ಬಿ. ಕೆ. ಥಾಪರ್ ಅವರ ನೇತೃತ್ವದಲ್ಲಿ ನಡೆದ ಉತ್ಖನನದಿಂದ, ಅಶೋಕನಿಗಿಂತ ಎಷ್ಟೋ ಹಿಂದೆ, ನವಶಿಲಾಯುಗದ ಕಾಲದಿಂದಲೇ ಇಲ್ಲಿ ಜನವಸತಿಯಿದ್ದುದು ತಿಳಿಯಿತು. ದಕ್ಷಿಣದ ಆ ನವಶಿಲಾಯುಗದ ಜನ ದನಗಾಹಿಗಳೆಂಬುದು ಪ್ರಸಿದ್ಧ. ಎತ್ತಿನ ಮಾತು ಈ ಗುಡ್ಡಗಳ ಸಂದಿಯಲ್ಲಿ ಅಶೋಕನ ಮಾತಿಗಿಂತ ಹಳೆಯದೆಂದರೆ ಅತಿಶಯೋಕ್ತಿಯಲ್ಲ.

ಲಿಂಗಸುಗೂರಿನ ದಾರಿಯಲ್ಲಿ ಹತ್ತಿ ತೊಗರಿಗಳ ಬಯಲು ಮತ್ತೆ ಅಗಲವಾಗುತ್ತದೆ. ಹಿಂದೆ ಹೈದರಾಬಾದ್ ಕಂಟಿಂಜೆಂಟ್ ಪಡೆಯ ಛಾವಣಿಯಿದ್ದ ಊರಿದು. 1905ರವರೆಗೆ ತನ್ನದೇ ಹೆಸರಿನ ಜಿಲ್ಲೆಗೆ ಮುಖ್ಯ ಪಟ್ಟಣವಾಗಿತ್ತು. ಆ ಗತ್ತು ಇಲ್ಲಿನ ಮಾತಿನಲ್ಲಿ ಇನ್ನೂ ಇದೆ. ನೈಋತ್ಯಕ್ಕೆ ಕೋಟೆಯ ಮುದಗಲ್, ಪೂರ್ವಕ್ಕೆ ಚಿನ್ನದ ಹಟ್ಟಿ, ಎರಡೂ ಇದೇ ತಾಲ್ಲೂಕಿನವು. ಬೀಡನ್ ಮಸ್ಕಿಯಲ್ಲಿ ಅರಸಿದ ಚಿನ್ನ ಹಟ್ಟಿಯಲ್ಲಿ ಪ್ರಾಚೀನರಿಗೇ ದೊರೆತಿತ್ತು. ಅವರು ತೋಡಿದ ಆಳವಾದ ಗುಂಡಿಗಳನ್ನು ಕಂಡು ಆಧುನಿಕ ಎಂಜಿನಿಯರರು ಬೆರಗಾದರು. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದಲ್ಲಿ ಹೇಳಿಕೊಳ್ಳುವಷ್ಟು ಚಿನ್ನ ತೆಗೆಯುವ ಗಣಿಯೆಂದರೆ ಹಟ್ಟಿಯೇ. ತಿಂಗಳ ಸಂಬಳದ ಮನೆಯ ಎತ್ತಿಗೆ ಹತ್ತಿಕಾಳು, ಹಿಂಡಿ. ಮಳೆ ನಂಬಿದ ಮನೆಯ ಎತ್ತಿಗೆ ಕಣಿಕೆ. ಹೀಗಾಗಿ ಈ ಕಡೆಯ ವಾದದಲ್ಲಿ ಮೇವಿನ ಪ್ರಶ್ನೆ ದೊಡ್ಡದು.

ಮೇವು! ಮೂರೂ ಊರುಗಳ ಎತ್ತಿನ ಭವಿಷ್ಯ ನಿಂತಿರುವುದು ಬಣ್ಣದ ಮೇಲಲ್ಲ, ಈ ಎರಡಕ್ಷರದ ಮೇಲೆ. ಜೋಳ ಬೆಳೆದ ಹೊಲ ಮನೆಯವರಿಗೆ ರೊಟ್ಟಿಯನ್ನೂ ಎತ್ತಿಗೆ ಕಣಿಕೆಯನ್ನೂ ಕೊಡುತ್ತಿತ್ತು. ಹತ್ತಿಯ ಕಟ್ಟಿಗೆ ಒಲೆಗಲ್ಲದೆ ಬಾಯಿಗೆ ಬಾರದು. ಭತ್ತದ ಹುಲ್ಲಿದೆ, ಆದರೆ ಕೊಯ್ಯುವ ಯಂತ್ರ ಅದನ್ನು ತುಳಿದು ತುಂಡರಿಸಿ ಗದ್ದೆಯಲ್ಲಿ ಚೆಲ್ಲಿ ಹೋಗುತ್ತದೆ. ಟ್ರಾಕ್ಟರು ದುಡಿದ ಗಂಟೆಗೆ ಮಾತ್ರ ಎಣ್ಣೆ ಕೇಳುತ್ತದೆ. ಎತ್ತು ದುಡಿಯದ ದಿನವೂ ತಿನ್ನುತ್ತದೆ. ಐದಾರು ಎಕರೆಯ ಒಕ್ಕಲಿಗನು ಲೆಕ್ಕ ಹಾಕಿದರೆ ಜೋಡೆತ್ತನ್ನು ಮಾರುವುದೇ ಸರಿಯೆಂದು ಲೆಕ್ಕ ಹೇಳುತ್ತದೆ. ಆದರೂ ಸಾಲಿನ ನಡುವೆ ಕುಂಟೆ ಹೊಡೆಯುವ ದಿನ ಬಂದಾಗ, ಎಳೆಯ ಪೈರಿಗೆ ನೋವಾಗದಂತೆ ಹೆಜ್ಜೆಯಿಡುವ ಪ್ರಾಣಿ ಬೇರೊಂದಿಲ್ಲ. ಆ ದಿನಕ್ಕಾಗಿ ಬಾಡಿಗೆಯ ಎತ್ತಿಗೆ ಓಡಾಡುವವರು ಕಾರ ಹುಣ್ಣಿಮೆಯ ಸಂಜೆ ಅಗಸಿಯ ಬಳಿ ಎಲ್ಲರಿಗಿಂತ ಹಿಂದೆ ನಿಂತಿರುವುದನ್ನು ಕಾಣಬಹುದು. ಹಿಂದಿನ ವರ್ಷ ಅವರ ಎತ್ತೂ ಓಡಿದ್ದಿರಬಹುದು. ಅವರನ್ನು ಯಾರೂ ಆ ಮಾತು ಕೇಳುವುದಿಲ್ಲ. ಹಳ್ಳಿಯ ಸೌಜನ್ಯ ದೊಡ್ಡದು.

ಓಟಕ್ಕೆ ಕಾನೂನಿನ ತೊಡಕೂ ಬಂದು ಹೋಗಿದೆ. 2014ರಲ್ಲಿ ಸುಪ್ರೀಂ ಕೋರ್ಟು ಹೋರಿಗಳ ಪಂದ್ಯಗಳನ್ನು ತಡೆದಾಗ ಊರೂರುಗಳಲ್ಲಿ ಗಲಿಬಿಲಿಯಾಯಿತು. 2017ರಲ್ಲಿ ಕರ್ನಾಟಕವು ಕಾನೂನಿಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತುಗಳ ಓಟಕ್ಕೂ ಅವಕಾಶ ಮಾಡಿತು. ಅದನ್ನು ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿಯಿತು. ಪ್ರಾಣಿಗೆ ಹಿಂಸೆಯಾಗಬಾರದೆಂಬುದು ಅದರ ಷರತ್ತು. ಇದರಿಂದ ಬಾರುಕೋಲಿನವರಿಗೆ ಬೇಸರವಾಗಿದ್ದರೂ ಎತ್ತಿಗೆ ಬೇಸರವಾಗಿರಲಾರದು. ಹೊಡೆಸಿಕೊಂಡು ಓಡುವ ಎತ್ತು ಕರಿ ಹರಿಯುವುದಿಲ್ಲ, ಒಡೆಯನ ಕೂಗಿಗೆ ಓಡುವ ಎತ್ತೇ ಹರಿಯುವುದು ಎಂಬುದು ಬಲ್ಲವರ ಮಾತು. ಕೋರ್ಟಿಗಿಂತ ಮೊದಲಿನಿಂದಲೂ ಇದ್ದದ್ದು.

ಹುಣ್ಣಿಮೆಯ ಸಂಜೆ ಲಿಂಗಸುಗೂರು ಸೀಮೆಯ ಯಾವ ಹಳ್ಳಿಗೆ ಹೋದರೂ ದೃಶ್ಯ ಒಂದೇ. ಅಗಸಿಯ ಎರಡೂ ಕಡೆ ಮಾಳಿಗೆಗಳ ಮೇಲೆ ಹೆಣ್ಣುಮಕ್ಕಳು, ಮಕ್ಕಳು. ಕೆಳಗೆ ಹಲಗೆ ಡೊಳ್ಳುಗಳ ಬಡಿತ. ಹೊರಗಿನ ಬಯಲಿನಲ್ಲಿ ಧೂಳಿನ ಒಂದು ಮೋಡ ಹುಟ್ಟಿ ದೊಡ್ಡದಾಗುತ್ತ ಬರುತ್ತದೆ. ಎಂಟು ದಿನ ಹೋಟೆಲಿನ ಬೆಂಚಿನ ಮೇಲೆ ನಡೆದ ಹಲ್ಲು, ಸುಳಿ, ತಳಿಗಳ ಶಾಸ್ತ್ರವೆಲ್ಲ ಆ ಧೂಳಿನೊಳಗೆ ಕಾಣದಾಗುತ್ತದೆ. ಎತ್ತುಗಳ ಬಣ್ಣವೂ ಕಾಣದು. ಗೆಜ್ಜೆಯ ದನಿ, ಕೂಗು, ಒಂದು ಕ್ಷಣದ ನೂಕುನುಗ್ಗಲು, ಆಮೇಲೆ ಬೇವಿನ ಸೊಪ್ಪು ನೆಲದ ಮೇಲೆ. ಯಾವುದು ಮೊದಲು? ಬಿಳಿದೆಂದು ಮೇಲಿನ ಮಾಳಿಗೆ, ಕೆಂದೆಂದು ಕೆಳಗಿನ ಮಾಳಿಗೆ. ಧೂಳು ಹತ್ತಿದ ಬಿಳಿ ಎತ್ತೂ ಕೆಂದಾಗಿಯೇ ಕಾಣುವುದೆಂದು ಒಬ್ಬ. ಮೈ ಒರೆಸಿ ನೋಡಿರೆಂದು ಇನ್ನೊಬ್ಬ. ಮರುದಿನದ ಚಹಾಕ್ಕೆ ಬೇಕಾದ ವಿಷಯ ಸಿದ್ಧವಾಯಿತು.

ಅಲ್ಲಿಂದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಮಕ್ಕಳು ಕೆರೆಯ ದಂಡೆಯಿಂದ ಎರೆಮಣ್ಣು ತಂದು, ನಾದಿ, ಜೋಡೆತ್ತುಗಳನ್ನೂ ಅವುಗಳ ಮುಂದೆ ಒಂದು ಗೋದಲಿಯನ್ನೂ ಮಾಡಿ, ಕೊಂಬಿಗೆ ಕುಸುಬಿಯ ಕಾಳು ಚುಚ್ಚಿ ಜಗಲಿಯ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ. ಹಟ್ಟಿಯಲ್ಲಿ ಎತ್ತು ಇರುವ ಮನೆಯಲ್ಲಿಯೂ, ಮಾರಿದ ಮನೆಯಲ್ಲಿಯೂ. ಸಾಲಿನಲ್ಲಿ ತನ್ನದು ಮುಂದಿರಬೇಕೆಂದು ಅಣ್ಣ, ತನ್ನದೆಂದು ತಮ್ಮ. ಒಣಗುವುದಕ್ಕೆ ಮೊದಲೇ ಎಳೆದಾಡಿದ್ದರಿಂದ ಒಂದರ ಕೊಂಬು ಮುರಿದು, ಅವ್ವ ಒಳಗಿನಿಂದ ಎದ್ದು ಬರುತ್ತಾಳೆ.